ಪಾಲುದಾವೆ ಬಿಟ್ಟು ವಾಣಿಜ್ಯ ದಾವೆಗೆ ಬರಬಹುದೇ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ನಾಲ್ಕು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ, ವಯಸ್ಸು 28. ಪಿಯುಸಿವರೆಗೆ ಓದಿದ್ದು ಕನ್ನಡ ಮಾಧ್ಯಮ. ಸೀನಿಯರ್ ಕಚೇರಿಯಲ್ಲಿ ಪಾಲುದಾವೆ (ಕುಟುಂಬದ ಆಸ್ತಿ ಹಂಚಿಕೆಯ ದಾವೆ), ಇಂಜಂಕ್ಷನ್ (ತಡೆಯಾಜ್ಞೆ), ಚೆಕ್ ಬೌನ್ಸ್ ಕೇಸುಗಳೇ ಹೆಚ್ಚು. ನಲವತ್ತು ಸಾಕ್ಷಿಗಳಿಗಾದರೂ ಪಾಟಿ ಸವಾಲು (ಎದುರು ಪಕ್ಷದ ಸಾಕ್ಷಿಯ ಪ್ರಶ್ನಿಸುವಿಕೆ) ಮಾಡಿದ್ದೇನೆ. ದೊಡ್ಡ ವ್ಯವಹಾರದ ಕೇಸು ನಡೆಸುವ ವಕೀಲೆ ಆಗಬೇಕೆಂಬ ಆಸೆ. ಆದರೆ ಸೀನಿಯರ್, "ಅವೆಲ್ಲ ಈಗ ಆರ್ಬಿಟ್ರೇಷನ್‌ಗೆ ಹೋಗ್ತವಮ್ಮ, ಟ್ರಯಲ್ ಎಲ್ಲಿದೆ?" ಅನ್ನುತ್ತಾರೆ. ಬೆಂಗಳೂರಿನ ಗೆಳತಿ, "ಅದು ಲಾ ಸ್ಕೂಲ್‌ನವರ ಜಾಗ, ಇಂಗ್ಲಿಷ್ ನೀರು ಕುಡಿದಂತೆ ಬರಬೇಕು" ಅನ್ನುತ್ತಾಳೆ. ಅವಳ ಲಾ ಫರ್ಮ್‌ನಲ್ಲಿ ಕೆಲಸ ಸಿಗುವ ಸಾಧ್ಯತೆ ಇದೆ. ಎಲ್‌ಎಲ್‌ಎಂ ಮಾಡಲೇ ಎಂಬ ಯೋಚನೆಯೂ ಇದೆ. ಈ ನಡುವೆ ಪರಿಚಯದ ಮೆಕ್ಕೆಜೋಳ ವ್ಯಾಪಾರಿಯೊಬ್ಬರು ಒಂದು ಕೇಸು ತಂದಿದ್ದಾರೆ. ಬೆಂಗಳೂರು ಗ್ರಾಮಾಂತರದ ಕೋಳಿ ಆಹಾರ ಕಾರ್ಖಾನೆಗೆ ಒಂದೇ ವರ್ಷದಲ್ಲಿ 1.2 ಕೋಟಿಯ ಮಾಲು ಕೊಟ್ಟು, ಏಳು ಲೋಡಿನ 38 ಲಕ್ಷ ಬಾಕಿ. ಅಗ್ರಿಮೆಂಟ್ ಇಲ್ಲ. ಪರ್ಚೇಸ್ ಆರ್ಡರ್, ಬಿಲ್ಲು, ವಾಟ್ಸಾಪ್ ಮೆಸೇಜುಗಳಿವೆ. ಬಾಕಿಯಲ್ಲಿ ಮೊದಲ ಲೋಡು ಹೋಗಿ ಎರಡು ವರ್ಷ ನಾಲ್ಕು ತಿಂಗಳಾಯಿತು. ಕೇಳಿದರೆ "ತೇವಾಂಶ ಜಾಸ್ತಿ ಇತ್ತು" ಅನ್ನುತ್ತಾರಂತೆ. ಇದನ್ನು ನಾನೇ ನಡೆಸಬಹುದೇ? ಮುಂದಿನ ದಾರಿ ಯಾವುದು?

ಉತ್ತರ: ನಿಮ್ಮ ಆತಂಕವನ್ನು ಒಂದೇ ಮಾತಿನಲ್ಲಿ ಹೇಳಬಹುದು: ನಾನು ಕಲಿತಿರುವ ಕೆಲಸ ಆ ಕೋರ್ಟಿನಲ್ಲಿ ನಡೆಯುತ್ತದೆಯೇ? ಅರ್ಧ ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಉಳಿದರ್ಧವನ್ನು ಮರೆಯಬೇಕಾಗುತ್ತದೆ. ಯಾವುದು ಯಾವ ಅರ್ಧ ಎಂಬುದನ್ನು ನಿಮ್ಮ ಮೇಜಿನ ಮೇಲಿರುವ ಮೆಕ್ಕೆಜೋಳದ ಕೇಸನ್ನೇ ಹಿಡಿದು ನೋಡೋಣ.

ಮೊದಲು ಕೇಳಿಬಂದ ಮಾತುಗಳನ್ನು ಜರಡಿ ಹಿಡಿಯೋಣ. ವಾಣಿಜ್ಯ ದಾವೆ ಎಂದರೆ ಕೋಟಿಗಳ ವ್ಯವಹಾರ ಎಂಬುದು ಹಳೆಯ ಮಾತು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಲ್ಲಿ ಮೌಲ್ಯದ ಮಿತಿ 1 ಕೋಟಿ ಇತ್ತು, ನಿಜ. 2018ರ ತಿದ್ದುಪಡಿ ಅದನ್ನು 3 ಲಕ್ಷಕ್ಕೆ ಇಳಿಸಿತು. ಮಾಲು ಮಾರಾಟದ ಬಾಕಿ ಕಾಯ್ದೆಯ ವ್ಯಾಖ್ಯೆಯೊಳಗೇ ಬರುತ್ತದೆ. ಅಂದರೆ 38 ಲಕ್ಷದ ಈ ಕೇಸು ಬೇಕೋ ಬೇಡವೋ ವಾಣಿಜ್ಯ ದಾವೆಯೇ. ಇದನ್ನು ಮಾಮೂಲಿ ಓ.ಎಸ್. (ಸಾಮಾನ್ಯ ಸಿವಿಲ್ ದಾವೆ) ಎಂದು ಹೂಡಿದರೆ ಒಂದೆರಡು ವರ್ಷ ಕಳೆದ ಮೇಲೆ ವಾದಪತ್ರ ವಾಪಸಾಗಿ ಕೈಗೆ ಬರುವ ಅಪಾಯ ಇದೆ.

ಇಂಗ್ಲಿಷಿನ ವಿಚಾರ. ಕರ್ನಾಟಕ ಹೈಕೋರ್ಟಿಗೆ ಬಾಂಬೆ, ಮದ್ರಾಸ್ ಹೈಕೋರ್ಟುಗಳಿಗಿರುವಂಥ ಮೂಲ ಸಿವಿಲ್ ಅಧಿಕಾರ ಇಲ್ಲ. ಎಷ್ಟೇ ಕೋಟಿಯ ದಾವೆಯಾದರೂ ಇಲ್ಲಿ ವಿಚಾರಣೆ ನಡೆಯುವುದು ಜಿಲ್ಲಾ ಹಂತದ ವಾಣಿಜ್ಯ ನ್ಯಾಯಾಲಯದಲ್ಲಿ, ಬೆಂಗಳೂರಿನಲ್ಲಾದರೆ ಸಿಟಿ ಸಿವಿಲ್ ಕೋರ್ಟಿನಲ್ಲಿ. ಸಾಕ್ಷಿ ಕಟ್ಟೆಗೆ ಬರುವವರು ಕಂಪನಿಯ ಪರ್ಚೇಸ್ ಮ್ಯಾನೇಜರು, ಗೋದಾಮಿನ ಸೂಪರ್‌ವೈಸರು, ಅಕೌಂಟೆಂಟು. ಅವರಲ್ಲಿ ಹಲವರು ಕನ್ನಡದಲ್ಲೇ ಉತ್ತರ ಕೊಡುತ್ತಾರೆ. ಕರಾರು, ಇ-ಮೇಲು, ತೀರ್ಪುಗಳನ್ನು ತಪ್ಪಿಲ್ಲದೆ ಓದುವಷ್ಟು, ವಾದಪತ್ರವನ್ನು ಸರಳ ವಾಕ್ಯಗಳಲ್ಲಿ ಬರೆಯುವಷ್ಟು ಇಂಗ್ಲಿಷ್ ಬೇಕೇ ಬೇಕು. ನಿರರ್ಗಳ ಭಾಷಣದ ಇಂಗ್ಲಿಷ್ ಬೇಡ. ಲಾ ಸ್ಕೂಲಿನ ಪದವಿಯಿಂದ ಮೊದಲ ಕೆಲಸ ಬೇಗ ಸಿಗುತ್ತದೆ, ಅಷ್ಟೇ. ಪಾಟಿ ಸವಾಲಿಗೆ ನಿಂತಾಗ ಎದುರಿನವರ ಪದವಿ ಯಾರಿಗೂ ಕಾಣುವುದಿಲ್ಲ.

ಸೀನಿಯರ್ ಹೇಳಿದ್ದರಲ್ಲಿ ಸತ್ಯ ಇದೆ, ಪೂರ್ತಿ ಇಲ್ಲ. ದೊಡ್ಡ ಗುತ್ತಿಗೆ, ಷೇರುದಾರರ ಕರಾರುಗಳಲ್ಲಿ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಪಂಚರಿಂದ ತೀರ್ಮಾನ) ಕಲಮು ಇದ್ದೇ ಇರುತ್ತದೆ. ಆದರೆ ಅಲ್ಲೂ ಸಾಕ್ಷಿ ಇದ್ದಾರೆ, ಪಾಟಿ ಸವಾಲು ಇದೆ. ಮಂಡಿ, ಮಿಲ್ಲು, ಟ್ರಾನ್ಸ್‌ಪೋರ್ಟಿನವರ ಮಧ್ಯಮ ಗಾತ್ರದ ವ್ಯವಹಾರ ಇವತ್ತಿಗೂ ಬಿಲ್ಲು ಮತ್ತು ಫೋನಿನ ಮೇಲೆ ನಡೆಯುವುದರಿಂದ ಅವೆಲ್ಲ ಕೋರ್ಟಿಗೇ ಬರುತ್ತವೆ. ಟ್ರಯಲ್ ಇಲ್ಲದೆ ಕೇಸು ಮುಗಿಯುವ ದಾರಿ ಬೇರೊಂದಿದೆ: ಸಾರಾಂಶ ತೀರ್ಪು. ಸಮನ್ಸ್ ಜಾರಿಯಾದ ಮೇಲೆ, ವಿವಾದಾಂಶ (ಕೋರ್ಟ್ ತೀರ್ಮಾನಿಸಬೇಕಾದ ಪ್ರಶ್ನೆಗಳು) ರಚಿಸುವ ಮುಂಚೆ, ಎದುರಾಳಿಗೆ ಗೆಲ್ಲುವ ನಿಜವಾದ ಸಾಧ್ಯತೆ ಇಲ್ಲವೆಂದು ದಾಖಲೆಯಿಂದಲೇ ತೋರಿಸಿ ಸಾಕ್ಷಿ ವಿಚಾರಣೆ ಇಲ್ಲದೆಯೇ ಡಿಕ್ರಿ ಕೇಳಬಹುದು. ದಾಖಲೆ ಗಟ್ಟಿ ಇದ್ದರೆ ಇದು ನಿಮಗೆ ವರ, ಪೊಳ್ಳಾಗಿದ್ದರೆ ಎದುರಿನವರಿಗೆ.

ಈಗ ಮರೆಯಬೇಕಾದ ಅರ್ಧಕ್ಕೆ ಬರೋಣ. ಪಾಲುದಾವೆಯಲ್ಲಿ ವಾದಪತ್ರ ಮೊದಲು, ದಾಖಲೆ ಆಮೇಲೆ. ಪಹಣಿ ಒಂದು ವಾಯಿದೆಗೆ, ಮ್ಯುಟೇಷನ್ ಇನ್ನೊಂದು ವಾಯಿದೆಗೆ, ವಂಶವೃಕ್ಷ ಸಾಕ್ಷಿಯ ದಿನ. ನ್ಯಾಯಾಧೀಶರು ಗೊಣಗುತ್ತಾ ಗುರುತು ಮಾಡಿಕೊಳ್ಳುತ್ತಾರೆ. ವಾಣಿಜ್ಯ ದಾವೆಯಲ್ಲಿ ಈ ರೂಢಿಯೇ ಕೇಸನ್ನು ಕೊಲ್ಲುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 11 ಇಲ್ಲಿ ಬೇರೆ ರೂಪದಲ್ಲಿದೆ. ಕಕ್ಷಿದಾರನ ಸ್ವಾಧೀನದಲ್ಲಿ, ಹಿಡಿತದಲ್ಲಿ ಇರುವ ಸಂಬಂಧಪಟ್ಟ ದಾಖಲೆಯೆಲ್ಲ, ಅವನಿಗೆ ವಿರುದ್ಧವಾದದ್ದೂ ಸೇರಿ, ವಾದಪತ್ರದ ಜೊತೆಗೇ ಬರಬೇಕು. ಬೇರೇನೂ ಉಳಿದಿಲ್ಲ ಎಂದು ಪ್ರಮಾಣ ಮಾಡಬೇಕು. ತುರ್ತು ಎಂದು ಹೂಡಿದ್ದರೆ ಉಳಿದವಕ್ಕೆ ಅನುಮತಿ ಪಡೆದು 30 ದಿನ. ಅಲ್ಲಿಂದಾಚೆಗೆ ಸಮಂಜಸ ಕಾರಣ ತೋರಿಸದೆ ಒಂದು ಚೀಟಿಯೂ ಒಳಗೆ ಬರದು. ಮುಖ್ಯ ವಿಚಾರಣೆಯ ಹಿಂದಿನ ಸಂಜೆ ಕಕ್ಷಿದಾರ ಬಂದು, "ಮೇಡಂ, ಬೀರುವಿನಲ್ಲಿ ಇನ್ನೊಂದು ಕಟ್ಟು ಸಿಕ್ತು" ಎನ್ನುವ ದೃಶ್ಯ ನಿಮಗೆ ಗೊತ್ತೇ ಇದೆ. ಆ ಬೀರುವನ್ನು ದಾವೆ ಹೂಡುವ ಮುನ್ನ ನೀವೇ ಹೋಗಿ ತೆರೆಯಬೇಕು.

ಪ್ರತಿವಾದಿ ಪರ ನಿಂತಾಗ ಇನ್ನೂ ಬಿಗಿ. ಸಮನ್ಸ್ ಜಾರಿಯಾದ 30 ದಿನದೊಳಗೆ ಲಿಖಿತ ಹೇಳಿಕೆ ಹಾಕಬೇಕು. ಕೋರ್ಟ್ ಕಾರಣ ಬರೆದು, ಖರ್ಚು ಹಾಕಿ ಹೆಚ್ಚೆಂದರೆ 120ನೇ ದಿನದವರೆಗೆ ಬಿಡಬಹುದು. 121ನೇ ದಿನ ಆ ಹಕ್ಕೇ ಹೋಗುತ್ತದೆ, ನ್ಯಾಯಾಧೀಶರಿಗೆ ಮನಸ್ಸಿದ್ದರೂ ಕೊಡಲಾಗದು. 2019ರಲ್ಲಿ ಎಸ್‌ಸಿಜಿ ಕಾಂಟ್ರಾಕ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. "ಸಮಯ ಕೋರಿ" ಎಂಬ ಮೆಮೊ ನಮ್ಮ ಕೈಗೆ ಎಷ್ಟು ಅಭ್ಯಾಸವಾಗಿದೆ ಎಂದರೆ, ಜಿಲ್ಲೆಯಿಂದ ಬಂದ ವಕೀಲರು ಈ ಕೋರ್ಟಿನಲ್ಲಿ ಮೊದಲು ಎಡವುವುದು ಇಲ್ಲಿಯೇ. ವಕಾಲತ್ತು ಹಾಕಿದ ದಿನವೇ ಡೈರಿಯಲ್ಲಿ 30 ಮತ್ತು 120ನೇ ದಿನಗಳನ್ನು ಬರೆದುಬಿಡಿ. ಎಣಿಕೆ ಶುರುವಾಗುವುದು ಸಮನ್ಸ್ ಜಾರಿಯಾದ ದಿನದಿಂದ. ವಕಾಲತ್ತಿನ ದಿನದಿಂದ ಎಣಿಸಿ ಕೆಟ್ಟವರಿದ್ದಾರೆ.

ಇನ್ನು ನಿಮ್ಮ ಕೇಸು.

ವ್ಯಾಪಾರಿ ಯಾರು ಎಂಬುದನ್ನು ಮೊದಲು ನೋಡಿ. ಅಂಗಡಿ ಪಾಲುದಾರಿಕೆ ಸಂಸ್ಥೆಯಾಗಿದ್ದು ನೋಂದಣಿ ಆಗಿಲ್ಲದಿದ್ದರೆ, 1932ರ ಪಾಲುದಾರಿಕೆ ಕಾಯ್ದೆಯ ಕಲಂ 69ರ ಪ್ರಕಾರ ಕರಾರಿನ ಮೇಲಿನ ಈ ದಾವೆಯೇ ನಿಲ್ಲುವುದಿಲ್ಲ. ಅಣ್ಣತಮ್ಮಂದಿರ ಮಂಡಿಗಳಲ್ಲಿ ಇದು ಮಾಮೂಲು. ದಾವೆ ಹೂಡಿದ ಮೇಲೆ ನೋಂದಾಯಿಸಿದರೆ ಆ ದಾವೆ ಉಳಿಯದು, ಹೂಡುವ ಮುನ್ನವೇ ಆಗಿರಬೇಕು.

ಎರಡನೆಯದು ಕಾಲಮಿತಿ. ಸಾಲದ ಅವಧಿ ಗೊತ್ತುಮಾಡದೆ ಮಾಲು ಕೊಟ್ಟಿದ್ದರೆ ಕೊಟ್ಟ ದಿನದಿಂದ 3 ವರ್ಷ. ಬಿಲ್ಲಿನಲ್ಲೋ ಪರ್ಚೇಸ್ ಆರ್ಡರಿನಲ್ಲೋ "30 ದಿನದೊಳಗೆ ಪಾವತಿ" ಎಂದಿದ್ದರೆ ಆ 30 ದಿನ ಮುಗಿದ ಮೇಲೆ 3 ವರ್ಷ. ಏಳು ಲೋಡಿಗೂ ಬೇರೆ ಬೇರೆ ಗಡಿಯಾರ ಓಡುತ್ತಿದೆ. ಕೊನೆಯ ಲೋಡಿನಿಂದ ಎಣಿಸಿ ನೆಮ್ಮದಿಯಾಗಬೇಡಿ. ನಡುವೆ ಸ್ವಲ್ಪ ಹಣ ಬಂದಿದ್ದರೆ ಹೊಸ ಕಾಲಮಿತಿ ಸಿಗಬಹುದು, ಆದರೆ ಆ ಪಾವತಿಯ ಒಪ್ಪಿಗೆ ಕೊಟ್ಟವರ ಬರಹದಲ್ಲಿ ಅಥವಾ ಸಹಿಯಲ್ಲಿ ಕಾಣಬೇಕು, ಅದೂ ಹಳೆಯ ಮಿತಿ ಮುಗಿಯುವ ಮುನ್ನ.

ಮೂರನೆಯದು ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಕಲಂ 12ಎ. ತುರ್ತು ಮಧ್ಯಂತರ ಪರಿಹಾರ ಬೇಡದ ದಾವೆಯಾದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಹೋಗದೆ ಹೂಡಿದ ವಾದಪತ್ರ ತಿರಸ್ಕಾರ ಆಗುತ್ತದೆ ಎಂದು 2022ರಲ್ಲಿ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಅದು 20 ಆಗಸ್ಟ್ 2022ರಿಂದ ಜಾರಿಯಲ್ಲಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ನಮೂನೆ 1ರಲ್ಲಿ, 1,000 ರೂಪಾಯಿ ಶುಲ್ಕದೊಂದಿಗೆ ಅರ್ಜಿ. ಅವಧಿ ಮೂರು ತಿಂಗಳು, ಇಬ್ಬರೂ ಒಪ್ಪಿದರೆ ಇನ್ನೆರಡು. ಎದುರಿನವರು ಬಾರದಿದ್ದರೆ ಮಧ್ಯಸ್ಥಿಕೆ ಆರಂಭವಾಗಲಿಲ್ಲ ಎಂಬ ವರದಿ ಸಿಗುತ್ತದೆ, ಅದನ್ನು ವಾದಪತ್ರಕ್ಕೆ ಲಗತ್ತಿಸಿ. ಮಧ್ಯಸ್ಥಿಕೆಯಲ್ಲಿ ಕಳೆದ ಅವಧಿ ಕಾಲಮಿತಿಯ ಲೆಕ್ಕಕ್ಕೆ ಸೇರದು. ಇದನ್ನು ತಪ್ಪಿಸಿಕೊಳ್ಳಲು ಸುಮ್ಮನೆ ಒಂದು ಜಪ್ತಿಯ ಐ.ಎ. (ಮಧ್ಯಂತರ ಅರ್ಜಿ) ಹಾಕಿ ತುರ್ತು ಎನ್ನುವ ಉಪಾಯ ಬೇಡ. ತುರ್ತು ನಿಜವೋ ವೇಷವೋ ಎಂದು ಕೋರ್ಟ್ ಕೆದಕುತ್ತದೆ. ಕಾರ್ಖಾನೆಯವರು ಯಂತ್ರ ಮಾರುತ್ತಿದ್ದಾರೆಂಬ ದಾಖಲೆ ಕೈಯಲ್ಲಿದ್ದರೆ ಮಾತ್ರ ಆ ದಾರಿ.

ಅರ್ಜಿ ಎಲ್ಲಿ ಎಂಬುದಕ್ಕೆ ಎರಡು ಕಾಗದಗಳ ಕೆಳಗಿನ ಸಣ್ಣ ಅಕ್ಷರ ಓದಿ. ವ್ಯಾಪಾರಿಯ ಬಿಲ್ಲು ದಾವಣಗೆರೆ ನ್ಯಾಯವ್ಯಾಪ್ತಿ ಎನ್ನುತ್ತದೆ, ಕಾರ್ಖಾನೆಯ ಪರ್ಚೇಸ್ ಆರ್ಡರು ಬೆಂಗಳೂರು ಎನ್ನುತ್ತದೆ. ಹೀಗಿರುವುದೇ ಹೆಚ್ಚು. ಎರಡೂ ಕಡೆಯವರು ಒಪ್ಪಿದ ಕಾಗದ ಯಾವುದು ಎಂಬ ಜಗಳದಲ್ಲೇ ವರ್ಷ ಕಳೆಯಬಹುದು. ಸಂಶಯವಿದ್ದರೆ ಪ್ರತಿವಾದಿಯ ಊರಿನ ಕೋರ್ಟಿಗೆ ಹೋಗುವುದು ದುಬಾರಿಯಾದರೂ ಭದ್ರ.

ಕಕ್ಷಿದಾರರಿಗೆ ಯಾರೋ ಹೇಳಿಕೊಟ್ಟಿರಬಹುದಾದ ಎರಡು ಅಡ್ಡದಾರಿಗಳನ್ನು ಇಲ್ಲೇ ಮುಚ್ಚಿಬಿಡಿ. "ಎನ್‌ಸಿಎಲ್‌ಟಿಗೆ ಹಾಕಿ, ಹೆದರಿ ಕೊಡ್ತಾರೆ" ಎಂಬುದು ನಡೆಯದು. ಅದು ಕಂಪನಿಗಳ ದಿವಾಳಿ ಪ್ರಕರಣ ನೋಡುವ ನ್ಯಾಯಮಂಡಳಿ, ದಿವಾಳಿ ಸಂಹಿತೆಯ ಮಿತಿ 2020ರ ಮಾರ್ಚ್‌ನಿಂದ 1 ಕೋಟಿ. "ಉದ್ಯಮ್ ನೋಂದಣಿ ಇದೆ, ಮೂರು ಪಟ್ಟು ಬಡ್ಡಿ ಸಿಗುತ್ತೆ" ಎಂಬುದೂ ಅಷ್ಟೇ (ಉದ್ಯಮ್ ಎಂದರೆ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ). ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ ಆ ನೋಂದಣಿಯ ಲಾಭವನ್ನು 2021ರ ಜುಲೈ ಆದೇಶ ಬ್ಯಾಂಕಿನ ಆದ್ಯತಾ ಸಾಲಕ್ಕೆ ಸೀಮಿತಗೊಳಿಸಿದೆ.

ಇನ್ನು ಪುರಾವೆ. ಸಾಮಾನ್ಯವಾಗಿ ಮಾಲಿನ ಕೇಸಿನಲ್ಲಿ ಖರೀದಿದಾರ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ತೆರಿಗೆಯ ವಜಾ) ಪಡೆದಿದ್ದಾನೆ ಎಂಬುದೇ ದೊಡ್ಡ ಪುರಾವೆ. ಮೂಟೆಯ ಮೆಕ್ಕೆಜೋಳಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಆ ಗುರುತು ಸಿಗದು. ಬದಲಿಗೆ ವ್ಯಾಪಾರಿಯ ಫಾರಂ 26ಎಎಸ್ (ಅವರ ಹೆಸರಿನಲ್ಲಿ ಕಡಿದ ತೆರಿಗೆಯ ಪಟ್ಟಿ) ತೆಗೆಸಿ. ವರ್ಷಕ್ಕೆ 10 ಕೋಟಿಗೂ ಮೀರಿದ ವಹಿವಾಟಿನ ಕಂಪನಿ ಒಬ್ಬನಿಂದ 50 ಲಕ್ಷ ಮೀರಿ ಮಾಲು ಕೊಂಡರೆ, ಮೀರಿದ ಮೊತ್ತಕ್ಕೆ ಶೇ 0.1 ಟಿಡಿಎಸ್ ಕಡಿಯಬೇಕೆಂದು ಆದಾಯ ತೆರಿಗೆಯ ಕಲಂ 194ಕ್ಯೂ ಹೇಳುತ್ತಿತ್ತು. ಬಾಕಿ ಲೋಡುಗಳ ಮೊತ್ತ ಅಲ್ಲಿ ಕಂಡರೆ, ಕಾರ್ಖಾನೆ ತನ್ನ ಪುಸ್ತಕದಲ್ಲಿ ಅದನ್ನು ನಿಮ್ಮ ವ್ಯಾಪಾರಿಗೆ ಜಮೆ ಮಾಡಿಕೊಂಡಿದೆ ಎಂದರ್ಥ. ಅದೊಂದರಿಂದಲೇ ಸಾಲ ಸಾಬೀತಾಗದು, ಆದರೆ ಪಾಟಿ ಸವಾಲಿನಲ್ಲಿ ಅದಕ್ಕೆ ಉತ್ತರ ಹೇಳುವುದು ಕಷ್ಟ. ಜೊತೆಗೆ ಎರಡೂ ಕಡೆಯ ವೇಬ್ರಿಡ್ಜ್ ಚೀಟಿ, ಲಾರಿ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಖಾತೆಯ ಲೆಡ್ಜರ್. ಪ್ರತಿ ಲೋಡಿಗೂ ಒಂದು ಸಾಲು ಎಳೆದು, ಲಾರಿ ನಂಬರು, ತೂಕ, ಬಿಲ್ಲು, ಬಂದ ಹಣ, ಬಾಕಿ ಎಂಬ ಒಂದೇ ಪುಟದ ಪಟ್ಟಿ ಮಾಡಿ. ತೂಕದಲ್ಲಿ 200 ಕೆ.ಜಿ. ವ್ಯತ್ಯಾಸ ಇದ್ದರೆ ನಿಮಗೆ ಈಗಲೇ ಗೊತ್ತಾಗಲಿ, ಎದುರಿನ ವಕೀಲರ ಬಾಯಿಂದ ಅಲ್ಲ.

ವಾಟ್ಸಾಪಿನ ಸ್ಕ್ರೀನ್‌ಶಾಟ್ ಮುದ್ರಿಸಿ ಕೊಟ್ಟರೆ ಸಾಲದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಎ ಭಾಗಕ್ಕೆ ಫೋನ್ ಇಟ್ಟುಕೊಂಡವರ ಸಹಿ, ಬಿ ಭಾಗಕ್ಕೆ ತಜ್ಞರ ಸಹಿ, ಹ್ಯಾಷ್ ಮೌಲ್ಯದೊಂದಿಗೆ (ಫೈಲು ಬದಲಾಗಿಲ್ಲವೆಂದು ತೋರಿಸುವ ಗುರುತು). ವ್ಯಾಪಾರಿ ಫೋನ್ ಬದಲಿಸುವ ಮುಂಚೆ ಇಡೀ ಚಾಟ್ ಎಕ್ಸ್‌ಪೋರ್ಟ್ ಮಾಡಿಸಿ, ಬೇಕಾದ ನಾಲ್ಕು ಮೆಸೇಜು ಮಾತ್ರ ಆರಿಸಬೇಡಿ. ಉಳಿದದ್ದು ಎದುರಿನವರ ಫೋನಿನಲ್ಲೂ ಇದೆ.

ವಾದಪತ್ರದಲ್ಲಿ ಬಡ್ಡಿಯ ದರ, ಆಧಾರ, ಯಾವ ದಿನದಿಂದ ಎಂಬುದನ್ನು ಬಿಡಿಸಿ ಬರೆಯದಿದ್ದರೆ ಅದನ್ನು ಕಳೆದುಕೊಳ್ಳುತ್ತೀರಿ. ಸತ್ಯ ಹೇಳಿಕೆಯ ಪ್ರಮಾಣವಿಲ್ಲದ ವಾದಪತ್ರವನ್ನು ಕೋರ್ಟ್ ತೆಗೆದುಹಾಕಬಹುದು.

ನಿಮ್ಮ ನಲವತ್ತು ಸಾಕ್ಷಿಗಳ ಅನುಭವ ಬೆಲೆ ಬಾಳುವುದು ಇಲ್ಲಿಂದ ಮುಂದೆ. ತೇವಾಂಶದ ತಕರಾರಿಗೆ ಕಾನೂನಿನ ಉತ್ತರ ಸರಕು ಮಾರಾಟ ಕಾಯ್ದೆಯ ಕಲಂ 42ರಲ್ಲಿದೆ: ಮಾಲು ಇಟ್ಟುಕೊಂಡು ಸಮಂಜಸ ಕಾಲದೊಳಗೆ ಬೇಡವೆಂದು ತಿಳಿಸದಿದ್ದರೆ ಒಪ್ಪಿಕೊಂಡಂತೆ. ಒಪ್ಪಿಕೊಂಡ ಮೇಲೂ ದರ ಕಡಿತ ಕೇಳುವ ದಾರಿ ಅವರಿಗೆ ಇರುತ್ತದೆ, ಆದ್ದರಿಂದ ಸಂಗತಿಯನ್ನು ಸಾಕ್ಷಿಯ ಬಾಯಲ್ಲೇ ಬರಿಸಬೇಕು. ಪರ್ಚೇಸ್ ಮ್ಯಾನೇಜರ್ ಕಟ್ಟೆಯಲ್ಲಿದ್ದಾರೆ ಎನ್ನಿ. ಹೇಳಿಕೆ ಈ ರೀತಿ ದಾಖಲಾಗಬೇಕು: "ಲಾರಿ ಗೇಟಿಗೆ ಬಂದ ಕೂಡಲೇ ಮಾದರಿ ತೆಗೆದು ತೇವಾಂಶ ಅಳೆಯುತ್ತೇವೆ ಎಂದರೆ ಸರಿ. ಅಳತೆಯನ್ನು ರಿಜಿಸ್ಟರಿನಲ್ಲಿ ಬರೆಯುತ್ತೇವೆ ಎಂದರೆ ಸರಿ. ತೇವಾಂಶ ಹೆಚ್ಚಿದ್ದರೆ ಲಾರಿ ವಾಪಸ್ ಕಳಿಸುತ್ತೇವೆ ಅಥವಾ ಡೆಬಿಟ್ ನೋಟ್ ಕೊಡುತ್ತೇವೆ ಎಂದರೆ ಸರಿ. ದಾವೆಯ ಏಳು ಲೋಡುಗಳಿಗೆ ಡೆಬಿಟ್ ನೋಟ್ ಹಾಜರುಪಡಿಸಿಲ್ಲ ಎಂದರೆ ಸರಿ. ಆ ರಿಜಿಸ್ಟರನ್ನೂ ಹಾಜರುಪಡಿಸಿಲ್ಲ ಎಂದರೆ ಸರಿ." ಇಲ್ಲಿ ನಿಲ್ಲಿಸಿ. "ಯಾಕೆ ಕೊಡಲಿಲ್ಲ?" ಎಂದು ಕೇಳಿದಿರೋ, "ಫೋನಿನಲ್ಲಿ ಹೇಳಿದ್ದೆವು" ಎಂಬ ಹೊಸ ಕಥೆ ಹುಟ್ಟುತ್ತದೆ. ನಿಮ್ಮ ಪಕ್ಷದ ಸಲಹೆಯನ್ನು (ನಿಮ್ಮ ವಾದವನ್ನು ಸಾಕ್ಷಿಯ ಮುಂದಿಡುವ ಪ್ರಶ್ನೆಯನ್ನು) ಕೊನೆಗೆ ಒಂದೇ ವಾಕ್ಯದಲ್ಲಿ ಹಾಕಿ, ಅದಕ್ಕೆ "ಸರಿಯಲ್ಲ" ಎಂದು ಬಂದರೆ ಬರಲಿ.

ಪ್ರಶ್ನೆಗಳ ಈ ಏಣಿ ಕಟ್ಟೆಯ ಮುಂದೆ ನಿಂತಾಗ ಹೊಳೆಯುವುದಲ್ಲ. ತೇವಾಂಶದ ರಿಜಿಸ್ಟರ್ ಹಾಜರುಪಡಿಸಲು ಆದೇಶ 11ರ ನಿಯಮ 5ರಲ್ಲಿ ಮೊದಲೇ ಅರ್ಜಿ ಹಾಕಿರಬೇಕು. ಕೊಟ್ಟರೆ ಓದಿಕೊಂಡು ಸವಾಲು ಮಾಡುತ್ತೀರಿ, ಕೊಡದಿದ್ದರೆ ಬಚ್ಚಿಟ್ಟರು ಎಂಬ ವಾದ ಸಿಗುತ್ತದೆ. ನ್ಯಾಯಾಧೀಶರು ಉತ್ತರ ಬರೆಸುವಾಗ ಕಿವಿ ಅಲ್ಲೇ ಇರಲಿ. ಸಾಕ್ಷಿ "ಸರಿ" ಅಂದಿದ್ದು "ನೆನಪಿಲ್ಲ" ಎಂದು ದಾಖಲಾದರೆ ಆ ಕ್ಷಣವೇ ವಿನಯದಿಂದ ಎತ್ತಿ ತೋರಿಸಿ. ಸಾಕ್ಷಿ ಸಹಿ ಹಾಕಿ ಇಳಿದ ಮೇಲೆ ಅದು ಕಲ್ಲಿನ ಮೇಲಿನ ಬರಹ.

ಹಾಗಾದರೆ ಈ ಕೇಸು ನೀವು ನಡೆಸಬಹುದೇ? ನಡೆಸಬಹುದು, ಒಬ್ಬರೇ ಬೇಡ. ವಾಣಿಜ್ಯ ದಾವೆ ಮಾಡಿ ಪಳಗಿದ ಒಬ್ಬರ ಜೊತೆ ಜಂಟಿ ವಕಾಲತ್ತು ಹಾಕಿ. ದಾಖಲೆ, ಪಟ್ಟಿ, ಪಾಟಿ ಸವಾಲು ನಿಮ್ಮದು, ಕಾರ್ಯವಿಧಾನದ ಕಾವಲು ಅವರದು ಎಂದು ಮೊದಲೇ ಮಾತಾಡಿಕೊಳ್ಳಿ. ಶುಲ್ಕದ ವಿಚಾರದಲ್ಲಿ ಎಚ್ಚರ. ವಸೂಲಿ ಕೇಸಿನಲ್ಲಿ "ಬಂದದ್ದರಲ್ಲಿ ಶೇ 10 ನಿಮಗೆ" ಎಂದು ವ್ಯಾಪಾರಿಗಳು ಸಲೀಸಾಗಿ ಹೇಳುತ್ತಾರೆ. ಫಲಿತಾಂಶಕ್ಕೆ ಕಟ್ಟಿದ ಶುಲ್ಕ ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ, ಮುಂದೆ ಮನಸ್ತಾಪವಾದಾಗ ಅದೇ ನಿಮ್ಮ ಮೇಲಿನ ದೂರಿಗೆ ಕಾರಣವಾಗುತ್ತದೆ. ಹಂತಕ್ಕಿಷ್ಟು ಎಂದು ಬರೆದುಕೊಡಿ.

ವೃತ್ತಿಯ ದಾರಿಗಳಲ್ಲಿ ಲಾ ಫರ್ಮ್ ಸಂಬಳ ನಿಗದಿಯಾಗಿ ಕೊಡುತ್ತದೆ, ದೊಡ್ಡ ಕರಾರುಗಳನ್ನು ಓದುವ, ಅಚ್ಚುಕಟ್ಟಾಗಿ ಬರೆಯುವ ಶಿಸ್ತು ಕಲಿಸುತ್ತದೆ. ಅಪಾಯ ಏನೆಂದರೆ ಪಾಟಿ ಸವಾಲು ಪಾರ್ಟ್‌ನರ್‌ಗೋ ಹೊರಗಿನ ಕೌನ್ಸೆಲ್‌ಗೋ ಹೋಗಿ, ಮೂರು ವರ್ಷದಲ್ಲಿ ನಿಮ್ಮ ಕೈಗೆ ಒಂದು ಸಾಕ್ಷಿಯೂ ಬಾರದೆ ಹೋಗಬಹುದು. ನಿಮ್ಮಲ್ಲಿರುವ ಅಪರೂಪದ ಸಾಮರ್ಥ್ಯವೇ ತುಕ್ಕು ಹಿಡಿಯುತ್ತದೆ. ನಿಮ್ಮ ಸ್ಥಿತಿಯಲ್ಲಿ ನನಗೆ ಮೇಲೆನಿಸುವುದು ಬೆಂಗಳೂರಿನಲ್ಲಿ ಸಾಕ್ಷಿ ವಿಚಾರಣೆಯನ್ನೇ ಹೆಚ್ಚು ಮಾಡುವ ಸೀನಿಯರ್ ಒಬ್ಬರ ಕಚೇರಿ, ಎರಡರಿಂದ ಮೂರು ವರ್ಷ. ಸೇರುವ ಮುನ್ನ ಅಲ್ಲಿನ ಜೂನಿಯರ್‌ಗಳನ್ನೇ ಕೇಳಿ: ಕಳೆದ ವರ್ಷ ನೀವಾಗಿ ಎಷ್ಟು ಸಾಕ್ಷಿಗಳಿಗೆ ಸವಾಲು ಹಾಕಿದಿರಿ? ಸೊನ್ನೆ ಎಂದರೆ ಬೇರೆ ಕಡೆ ನೋಡಿ. ಹಣ ಬಿಗಿಯಾಗಿರುತ್ತದೆ. ನಗರದ ಜೂನಿಯರ್‌ಗೆ ತಿಂಗಳಿಗೆ ಕನಿಷ್ಠ 20,000, ಗ್ರಾಮಾಂತರದಲ್ಲಿ 15,000 ಕೊಡಬೇಕೆಂದು ಭಾರತೀಯ ಬಾರ್ ಕೌನ್ಸಿಲ್ 2024ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿದೆ. ಶಿಫಾರಸು ಅಷ್ಟೇ, ಕಡ್ಡಾಯವಲ್ಲ. ಒಂದು ವರ್ಷದ ಬಾಡಿಗೆ, ಊಟದ ಖರ್ಚು ಕೈಯಲ್ಲಿಟ್ಟುಕೊಂಡೇ ಹೊರಡಿ.

ದಾವಣಗೆರೆಯಲ್ಲೇ ಉಳಿಯುವುದೂ ಸೋಲಲ್ಲ. 3 ಲಕ್ಷದ ಮಿತಿ ಬಂದ ಮೇಲೆ ಜಿಲ್ಲೆಗಳಲ್ಲಿ ಈ ಕೆಲಸ ಇದೆ, ತಿಳಿದು ಮಾಡುವವರು ಕಡಿಮೆ. ತೊಂದರೆ ಎಂದರೆ ಕಲಿಸುವವರು ಹತ್ತಿರ ಇಲ್ಲ, ತಪ್ಪು ಮಾಡಿದರೆ ಅದರ ಬೆಲೆಯನ್ನು ಕಕ್ಷಿದಾರ ತೆರುತ್ತಾನೆ. ಎಲ್‌ಎಲ್‌ಎಂ ಪಾಠ ಹೇಳುವ ಆಸೆ ಇದ್ದರೆ ಮಾಡಿ. ಈ ಕೆಲಸಕ್ಕೆ ಆರು ತಿಂಗಳು ಸಂಜೆ ಹೊತ್ತು ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೂತು ಟ್ಯಾಲಿ ಲೆಡ್ಜರ್, ಬ್ಯಾಂಕ್ ಹೊಂದಾಣಿಕೆ, ಬ್ಯಾಲೆನ್ಸ್ ಶೀಟ್ ಓದಲು ಕಲಿಯುವುದು ಅದಕ್ಕಿಂತ ಹೆಚ್ಚು ಕೊಡುತ್ತದೆ. ಹೆಚ್ಚಿನ ವಕೀಲರು ಅಕೌಂಟೆಂಟ್ ಸಾಕ್ಷಿಯನ್ನು ಮೇಲಿಂದ ಮೇಲೆ ತಟ್ಟಿ ಬಿಟ್ಟುಬಿಡುವುದು ಅಂಕಿಗಳ ಭಯದಿಂದ.

ನಿರ್ಧಾರಕ್ಕೆ ಅವಸರವಿಲ್ಲ, ಕೇಸಿಗೆ ಇದೆ. ಪಾವತಿಯ ಗಡುವು ಬರೆದಿಲ್ಲದಿದ್ದರೆ ಮೊದಲ ಲೋಡಿಗೆ ಉಳಿದಿರುವುದು ಎಂಟು ತಿಂಗಳು. ಈ ವಾರ ವ್ಯಾಪಾರಿಯ ಅಂಗಡಿಗೆ ಹೋಗಿ ಬಿಲ್ ಪುಸ್ತಕ, ಪಾಲುದಾರಿಕೆ ಪತ್ರ, ಫೋನು ಮೂರನ್ನೂ ನೋಡಿ ಬನ್ನಿ. ಅದಾದ ಮೇಲೆ 12ಎ ಅರ್ಜಿ.